ಕಂಪ್ಯೂಟರ್ ಸೈನ್ಸ್, ಡಿಸೈನ್‌ನಲ್ಲಿ ಪಿಎಚ್‌ಡಿ: ಮುಂಬೈ, ಪುಣೆ, ಗೋವಾ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಡೊಂಬಿವಲಿಯಲ್ಲಿ ಯಾರದ್ದಾದರೂ ಮದುವೆಗೆ ಹೋದಾಗ, ಮಾಟುಂಗದಲ್ಲಿ ಕಾಫಿಗೆ ಕೂತಾಗ, ಯಾರಾದರೊಬ್ಬರು ಮಗಳನ್ನೋ ತಮ್ಮನನ್ನೋ ಕರೆದುಕೊಂಡು ಬರುತ್ತಾರೆ. "ಇವನಿಗೂ ಪಿಎಚ್‌ಡಿ ಮಾಡೋ ಆಸೆ, ಸ್ವಲ್ಪ ಹೇಳಿ" ಅನ್ನುತ್ತಾರೆ. ನಾನು ಮುಂಬೈಯಲ್ಲಿದ್ದುಕೊಂಡು ಪಿಎಚ್‌ಡಿ ಮುಗಿಸಿದವಳು. ಮೊದಲ ಸಲ ಸ್ಮಾರ್ಟ್‌ಫೋನ್ ಹಿಡಿದವರು ಅದರಲ್ಲಿ ಕನ್ನಡ ಹೇಗೆ ಬರೆಯುತ್ತಾರೆ ಅನ್ನುವುದು ನನ್ನ ವಿಷಯ. ಮನುಷ್ಯರು ಕಂಪ್ಯೂಟರ್, ಫೋನ್ ಬಳಸುವ ಬಗೆಯನ್ನು ಅಧ್ಯಯನ ಮಾಡುವ ಈ ಕ್ಷೇತ್ರಕ್ಕೆ ಎಚ್‌ಸಿಐ ಅನ್ನುತ್ತಾರೆ. ಬಾಯಿಮಾತಲ್ಲಿ ಹೇಳಿದ್ದನ್ನೆಲ್ಲ ಇಲ್ಲಿ ಒಂದೇ ಕಡೆ ಬರೆದಿಟ್ಟಿದ್ದೇನೆ.

ರಿಸರ್ಚ್ ಅಂದರೆ ಹೊಸ ಆ್ಯಪ್ ಮಾಡೋದಾ?

ಅಲ್ಲ. ಆ್ಯಪ್ ಮಾಡಬೇಕಾಗಿ ಬರಬಹುದು. ಆದರೆ ರಿಸರ್ಚ್ ಅಂದರೆ ಇನ್ನೂ ಉತ್ತರ ಸಿಗದ ಒಂದು ಪ್ರಶ್ನೆ ಹಿಡಿದು, ಬೇರೆಯವರೂ ಪರೀಕ್ಷಿಸಿ ನೋಡಬಹುದಾದ ಉತ್ತರ ಕೊಡುವುದು.

ನನ್ನ ಪ್ರಶ್ನೆ ಸಿಕ್ಕಿದ್ದು ಗೋವಾದ ಝುವಾರಿನಗರದಲ್ಲಿ. ಉತ್ತರ ಕರ್ನಾಟಕದಿಂದ ದುಡಿಯಲು ಬಂದ ಎಷ್ಟೋ ಕುಟುಂಬಗಳು ಅಲ್ಲಿವೆ. ಒಬ್ಬ ತಾಯಿ, ಏಳನೇ ಇಯತ್ತೆವರೆಗೆ ಕನ್ನಡ ಶಾಲೆ ಕಲಿತವರು, ತಮ್ಮನಿಗೆ ಮೆಸೇಜ್ ಕಳಿಸಲು ಕೂತಿದ್ದರು. "ಹುಬ್ಬಳ್ಳಿ" ಅಂತ ಬರೆಯಬೇಕಿತ್ತು. "ಹುಬ್ಬ"ವರೆಗೆ ನಾನೇ ಸಹಾಯ ಮಾಡಿದೆ. ಮುಂದೆ ಅವರು "ಳಿ" ಬರೆದರು. ಬೆರಳು ಅಲ್ಲೇ ಗಾಳಿಯಲ್ಲಿ ನಿಂತಿತು. "ಕೆಳಗ ಒತ್ತು ಕೊಡೂದು ಎಲ್ಲೈತ್ರಿ ಅಕ್ಕಾರ?" ಅಂದರು. ನಾನು ವಿವರಿಸಲು ಹೋದೆ. ಅವರು ರೊಟ್ಟಿಗೆ ಹರವಿದ್ದ ಹಿಟ್ಟಿನ ಮೇಲೆ ಬೆರಳಿನಿಂದ ಬರೆದು ತೋರಿಸಿದರು. ಮೊದಲು ಳ, ಅದಕ್ಕೆ ಗುಡಿಸು, ಆಮೇಲೆ ಕೆಳಗೆ ಒತ್ತು. ನಾವೆಲ್ಲ ಕೈಯಲ್ಲಿ ಬರೆಯೋದು ಹಾಗೇ ಅಲ್ವಾ?

ಫೋನ್ ಕೇಳುವ ಕ್ರಮ ಬೇರೆ. ಮೊದಲು ಳ, ಆಮೇಲೆ ಅದನ್ನು ಅರ್ಧ ಮಾಡುವ ಗುರುತು, ಆಮೇಲೆ ಇನ್ನೊಂದು ಳ, ಕೊನೆಗೆ ಗುಡಿಸು. ಕಂಪ್ಯೂಟರ್, ಫೋನುಗಳೆಲ್ಲ ಅಕ್ಷರಗಳಿಗೆ ಬಳಸುವ ಸಾಮಾನ್ಯ ಪದ್ಧತಿಯಾದ ಯೂನಿಕೋಡ್ ಅವುಗಳನ್ನು ಇಟ್ಟುಕೊಳ್ಳುವುದು ಉಚ್ಚಾರದ ಕ್ರಮದಲ್ಲಿ, ಕೈ ಬರೆಯುವ ಕ್ರಮದಲ್ಲಿ ಅಲ್ಲ. ಹಳೆಯ ಕನ್ನಡ ಟೈಪ್‌ರೈಟರ್‌ನಲ್ಲಿ ಒತ್ತಿಗೆ ಬೇರೆ ಕೀಲಿಗಳೇ ಇದ್ದವು, ಅಕ್ಷರ ಹೊಡೆದ ಮೇಲೆ ಒತ್ತು ಹೊಡೆಯುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಅದು ತಿರುಗಿತು. ಕಂಪ್ಯೂಟರ್ ಮಟ್ಟಿಗೆ ಅದು ಸರಿಯೇ, ಹುಡುಕಲು, ಜೋಡಿಸಲು ಉಚ್ಚಾರದ ಕ್ರಮವೇ ಅನುಕೂಲ. ಆದರೆ ಆ ತಾಯಿಯ ಕೈಗೆ ಅದನ್ನು ಯಾರೂ ಹೇಳಿಕೊಟ್ಟಿಲ್ಲ.

"ಕನ್ನಡ ಕೀಬೋರ್ಡ್ ಮಾಡುತ್ತೇನೆ" ಅಂದರೆ ಅದು ಪ್ರಾಜೆಕ್ಟ್. "ಕೈಬರಹದ ಕ್ರಮದಲ್ಲೇ ಒತ್ತು ಕೊಡಲು ಬಿಟ್ಟು, ಒಳಗೆ ಸಾಫ್ಟ್‌ವೇರ್ ಅದನ್ನು ಸರಿಯಾದ ಕ್ರಮಕ್ಕೆ ತಂದುಕೊಂಡರೆ, ಶಾಲೆಯಲ್ಲಿ ಬರೆದು ಕಲಿತವರ ತಪ್ಪು ಕಡಿಮೆ ಆಗುತ್ತದಾ?" ಅಂದರೆ ಅದು ರಿಸರ್ಚ್. ಎರಡಕ್ಕೂ ಕೋಡ್ ಬರೆಯಲೇಬೇಕು. ಎರಡನೆಯದರಲ್ಲಿ "ಇಲ್ಲ, ಕಡಿಮೆ ಆಗಲ್ಲ" ಅಂತ ಗೊತ್ತಾದರೂ ಅದು ಉತ್ತರವೇ.

ಇದು ಕಂಪ್ಯೂಟರ್ ಸೈನ್ಸಾ, ಇಲ್ಲ ಚಿತ್ರ ಬಿಡಿಸುವ ಕೆಲಸವಾ?

ಎರಡೂ ಬೇಕು, ಜೊತೆಗೆ ಮನಃಶಾಸ್ತ್ರವೂ ಬೇಕು. 1963ರಲ್ಲಿ ಐವಾನ್ ಸದರ್‌ಲ್ಯಾಂಡ್ ಅಮೆರಿಕದ ಎಂಐಟಿಯಲ್ಲಿ ಮಾಡಿದ ಪಿಎಚ್‌ಡಿ ಒಂದು ಸಾಫ್ಟ್‌ವೇರ್. ಹೆಸರು ಸ್ಕೆಚ್‌ಪ್ಯಾಡ್. ಪರದೆಯ ಮೇಲೆ ಲೈಟ್ ಪೆನ್ ಇಟ್ಟು ನೇರವಾಗಿ ಗೆರೆ ಎಳೆಯಬಹುದಿತ್ತು. ಇವತ್ತು ನಾವು ಪರದೆ ಮುಟ್ಟಿ ಮಾಡುವ ಕೆಲಸದ ಹಿರಿಯಣ್ಣ ಅದು. ಅದಕ್ಕೂ ಮೊದಲು, 1954ರಲ್ಲಿ, ಪಾಲ್ ಫಿಟ್ಸ್ ಅನ್ನುವ ಮನಃಶಾಸ್ತ್ರಜ್ಞ ಒಂದು ನಿಯಮ ಕೊಟ್ಟರು. ಮುಟ್ಟಬೇಕಾದ ಜಾಗ ದೂರವಿದ್ದಷ್ಟೂ, ಚಿಕ್ಕದಾದಷ್ಟೂ ಕೈಗೆ ಹೆಚ್ಚು ಹೊತ್ತು ಬೇಕು, ಎಷ್ಟು ಹೊತ್ತು ಅಂತ ಲೆಕ್ಕ ಹಾಕಬಹುದು. ಆಗ ಮೌಸ್ ಕೂಡ ಇರಲಿಲ್ಲ. ಫೋನಿನ ಬಟನ್ ಎಷ್ಟು ದೊಡ್ಡದಿರಬೇಕು ಅಂತ ನಿರ್ಧರಿಸಲು ಇವತ್ತಿಗೂ ಅದನ್ನೇ ಬಳಸುತ್ತೇವೆ.

ನಮ್ಮ ಕಡೆ ಎಲ್ಲೆಲ್ಲಿ ಮಾಡಬಹುದು?

ಮುಂಬೈಯಿಂದ ಶುರು ಮಾಡೋಣ. ಪೊವಾಯಿಯ ಐಐಟಿ ಬಾಂಬೆ ಶುರುವಾದದ್ದು 1958ರಲ್ಲಿ. ಅಲ್ಲಿ ಎರಡು ಬಾಗಿಲಿವೆ, ಹೊಸಬರು ಒಂದನ್ನು ಮಾತ್ರ ನೋಡುತ್ತಾರೆ. ಒಂದು ಕಂಪ್ಯೂಟರ್ ಸೈನ್ಸ್ ವಿಭಾಗ. ಇನ್ನೊಂದು 1969ರಲ್ಲಿ ಶುರುವಾದ ಐಡಿಸಿ ಡಿಸೈನ್ ಶಾಲೆ. ಇಂಟರ್ಯಾಕ್ಷನ್ ಡಿಸೈನ್‌ನಲ್ಲಿ ಎಂ.ಡಿಸ್ (ಡಿಸೈನ್ ಸ್ನಾತಕೋತ್ತರ) ಕೂಡ, ಡಿಸೈನ್‌ನಲ್ಲಿ ಪಿಎಚ್‌ಡಿ ಕೂಡ ಅಲ್ಲಿದೆ. ಸ್ವರಚಕ್ರ ಅನ್ನುವ ಕೀಬೋರ್ಡ್ ಕೆಲವರು ನೋಡಿರಬಹುದು. ಐಡಿಸಿಯ ಅನಿರುದ್ಧ ಜೋಶಿ ಅವರ ತಂಡದ ಕೆಲಸ ಅದು, ಕನ್ನಡದಲ್ಲೂ ಇದೆ. "ಕ" ಮುಟ್ಟಿ ಹಿಡಿದರೆ ಸುತ್ತ ಚಕ್ರದಂತೆ ಕಾ, ಕಿ, ಕು ಮೂಡುತ್ತವೆ, ಬೇಕಾದ ಕಡೆ ಬೆರಳು ಜಾರಿಸಿದರೆ ಆಯಿತು. ನಮ್ಮ ಕಾಗುಣಿತವೇ ಬೆರಳಿನ ಸುತ್ತ ಬಂದು ನಿಲ್ಲುತ್ತದೆ. ಮೊದಲ ಸಲ ನೋಡಿದಾಗ ನನಗೆ ತುಂಬಾ ಖುಷಿಯಾಗಿತ್ತು. ಅದನ್ನು ಬಳಸಿ ನೋಡಿದ ಮೇಲೇ ಈ ವಿಷಯದಲ್ಲಿ ಪಿಎಚ್‌ಡಿ ಮಾಡಬಹುದು ಅಂತ ಹೊಳೆದದ್ದು.

ಅದೇ ಕ್ಯಾಂಪಸ್‌ನಲ್ಲಿ ಭಾರತೀಯ ಭಾಷೆಗಳ ಕಂಪ್ಯೂಟಿಂಗ್‌ಗೆ ಸಿಫಿಲ್ಟ್ ಕೇಂದ್ರ ಇದೆ. ಕಲಿಕೆಯ ಸಾಫ್ಟ್‌ವೇರ್ ಬಗ್ಗೆ ಆಸಕ್ತಿ ಇದ್ದರೆ ಎಜುಕೇಷನಲ್ ಟೆಕ್ನಾಲಜಿ ವಿಭಾಗವೂ, ಮಾನ್‌ಖುರ್ದ್‌ನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವೂ ನೋಡಿ.

ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್‌ಆರ್‌ನಲ್ಲಿ ಶುದ್ಧ ಸಿದ್ಧಾಂತದ ಕಂಪ್ಯೂಟರ್ ಸೈನ್ಸ್ ಗಟ್ಟಿ. ಅಲ್ಗಾರಿದಮ್, ಕಾಂಪ್ಲೆಕ್ಸಿಟಿ, ಗಣಿತ ಇಷ್ಟವಿರುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ಕಡಿಮೆ. ಆರ್. ನರಸಿಂಹನ್ ಅವರ ತಂಡ ಅಲ್ಲಿಯೇ 1960ರ ಹೊತ್ತಿಗೆ ಟಿಫ್ರಾಕ್ ಕಂಪ್ಯೂಟರ್ ಕಟ್ಟಿತ್ತು. ಅದಕ್ಕೆ ಗ್ರಾಫ್, ಅಕ್ಷರ ತೋರಿಸುವ ಪರದೆಯೂ ಇತ್ತು.

ಪುಣೆಯಲ್ಲಿ 1988ರಲ್ಲಿ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಹುಟ್ಟಿತು. 1991ರ ಪರಮ್ 8000 ಸೂಪರ್‌ಕಂಪ್ಯೂಟರ್ ಎಲ್ಲರಿಗೂ ಗೊತ್ತು. ಆದರೆ ಅಲ್ಲಿನ ಜಿಸ್ಟ್ ತಂಡ ಭಾರತೀಯ ಲಿಪಿಗಳನ್ನು ಕಂಪ್ಯೂಟರ್‌ಗೆ ತರಲು ಮಾಡಿದ ಕೆಲಸ ನಮಗೆ ಇನ್ನೂ ಹತ್ತಿರದ್ದು. ಎಷ್ಟೋ ಕನ್ನಡ ಪ್ರೆಸ್‌ಗಳು ಬಳಸಿದ ಶ್ರೀಲಿಪಿ ಸಾಫ್ಟ್‌ವೇರ್ ಕೂಡ ಪುಣೆಯದ್ದೇ. ಪಿಎಚ್‌ಡಿಗೆ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯ, ಸಿಒಇಪಿ ತಂತ್ರಜ್ಞಾನ ವಿಶ್ವವಿದ್ಯಾಲಯ ಇವೆ. ಕಂಪನಿಯೊಳಗಿನ ರಿಸರ್ಚ್ ಹೇಗಿರುತ್ತದೆ ಅಂತ ತಿಳಿಯಬೇಕಿದ್ದರೆ 1981ರಲ್ಲಿ ಶುರುವಾದ ಟಾಟಾದ ಟಿಆರ್‌ಡಿಡಿಸಿ ರಿಸರ್ಚ್ ಕೇಂದ್ರದ ಬಗ್ಗೆ ಓದಿ.

ಗೋವಾದಲ್ಲಿ ಬಿಟ್ಸ್ ಪಿಲಾನಿಯ ಕ್ಯಾಂಪಸ್, ಐಐಟಿ ಗೋವಾ, ಎನ್‌ಐಟಿ ಗೋವಾ, ತಾಳಗಾಂವ್‌ನ ಗೋವಾ ವಿಶ್ವವಿದ್ಯಾಲಯ ಇವೆ. ಬಿಟ್ಸ್ ಇರುವುದು ಝುವಾರಿನಗರದಲ್ಲೇ. ಕನ್ನಡ ಮಾತಾಡುವವರ ಮನೆಗಳು ಅಷ್ಟು ಹತ್ತಿರ. ಭಾಷೆ, ಫೋನ್, ವಲಸೆ ಬಗ್ಗೆ ಕೆಲಸ ಮಾಡುವವರಿಗೆ ಇದು ದೊಡ್ಡ ಅನುಕೂಲ.

ಯಾವ ಪರೀಕ್ಷೆ ಬರೆಯಬೇಕು?

ಕಂಪ್ಯೂಟರ್ ಸೈನ್ಸ್‌ಗೆ ಗೇಟ್. ಸ್ಕೋರ್ 3 ವರ್ಷ ನಡೆಯುತ್ತದೆ. 2024ರಿಂದ ಡೇಟಾ ಸೈನ್ಸ್ ಮತ್ತು ಎಐ ಅಂತ ಬೇರೆ ಪೇಪರ್ ಕೂಡ ಇದೆ. ಎಂ.ಡಿಸ್‌ಗೆ ಸೀಡ್. ಟಿಐಎಫ್‌ಆರ್‌ಗೆ ಅವರದೇ ಜಿಎಸ್ ಪರೀಕ್ಷೆ. ವಿಶ್ವವಿದ್ಯಾಲಯಗಳಿಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನೆಟ್ ಅಥವಾ ಅವರದೇ ಪ್ರವೇಶ ಪರೀಕ್ಷೆ. 2024ರಿಂದ ನೆಟ್ ಅಂಕಗಳ ಮೇಲೆ ಪಿಎಚ್‌ಡಿಗೆ ಸೇರಿಸಿಕೊಳ್ಳುವಾಗ ನೆಟ್‌ಗೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕ.

ಪರೀಕ್ಷೆ ಒಳಗೆ ಕರೆದುಕೊಂಡು ಹೋಗಿ ಕೂರಿಸುತ್ತದೆ ಅಷ್ಟೇ. ಸೀಟು ಸಿಗುವುದು ಸಂದರ್ಶನದಲ್ಲಿ. ಅಲ್ಲಿ "ಯಾಕೆ ಪಿಎಚ್‌ಡಿ?" ಅಂತ ಕೇಳೇ ಕೇಳುತ್ತಾರೆ. "ಹೆಸರಿನ ಮುಂದೆ ಡಾಕ್ಟರ್ ಬರಲಿ ಅಂತ" ಅನ್ನುವ ಉತ್ತರ ಮನಸ್ಸಿನಲ್ಲಿದ್ದರೆ ಇನ್ನೊಂದು ವರ್ಷ ಕಾಯುವುದು ಒಳ್ಳೆಯದು.

ನಾನು ಬಿಸಿಎ, ಎಂಸಿಎ ಮಾಡಿದ್ದೇನೆ. ನಡೆಯುತ್ತಾ?

ನಡೆಯುತ್ತದೆ. ಎಂಸಿಎ ಆದವರು ಬಹಳ ಜನ ಇದ್ದಾರೆ. ಡಿಸೈನ್ ಕಡೆ ಆರ್ಕಿಟೆಕ್ಚರ್, ಮನಃಶಾಸ್ತ್ರ, ಲಲಿತಕಲೆ ಓದಿದವರೂ ಬರುತ್ತಾರೆ. 2022ರ ಯುಜಿಸಿ ನಿಯಮದ ಪ್ರಕಾರ 4 ವರ್ಷದ ಪದವಿಯಲ್ಲಿ ಶೇ. 75 ಇದ್ದರೆ ಸ್ನಾತಕೋತ್ತರ ಇಲ್ಲದೆಯೂ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಆದರೂ ನನ್ನ ಸಲಹೆ, ಮೊದಲು ಎಂ.ಟೆಕ್, ಎಂ.ಡಿಸ್ ಅಥವಾ ರಿಸರ್ಚ್ ಎಂ.ಎಸ್ ಮಾಡಿ. ಆ ಎರಡು ಮೂರು ವರ್ಷದಲ್ಲಿ ಈ ಕೆಲಸ ನಿಮಗೆ ಒಗ್ಗುತ್ತದಾ ಅಂತ ಗೊತ್ತಾಗುತ್ತದೆ.

ಎಷ್ಟು ವರ್ಷ? ಎಷ್ಟು ದುಡ್ಡು?

ಯುಜಿಸಿ ಲೆಕ್ಕದಲ್ಲಿ ಕಡಿಮೆ ಅಂದರೆ 3 ವರ್ಷ, ಜಾಸ್ತಿ ಅಂದರೆ 6, ಅದರ ಮೇಲೆ ಬೇಕಾದರೆ 2 ವರ್ಷ ಹೆಚ್ಚುವರಿ. ಐಐಟಿಗಳಿಗೆ ಅವರದೇ ನಿಯಮ. ನಾಲ್ಕೂವರೆಯಿಂದ ಆರು ವರ್ಷ ಅಂತ ಮನಸ್ಸು ಗಟ್ಟಿ ಮಾಡಿಕೊಂಡು ಬನ್ನಿ.

ಜೂನಿಯರ್ ರಿಸರ್ಚ್ ಫೆಲೋಶಿಪ್ (ಜೆಆರ್‌ಎಫ್) 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಸೀನಿಯರ್ (ಎಸ್‌ಆರ್‌ಎಫ್) ಆದರೆ 42,000. 2018ರಲ್ಲಿ ಶುರುವಾದ ಪ್ರಧಾನಮಂತ್ರಿ ರಿಸರ್ಚ್ ಫೆಲೋಶಿಪ್‌ನಲ್ಲಿ ಮೊದಲ ಎರಡು ವರ್ಷ 70,000, ಮುಂದೆ 80,000ದವರೆಗೆ. ಹಾಸ್ಟೆಲ್ ಸಿಕ್ಕರೆ 37,000ದಲ್ಲಿ ಮುಂಬೈಯಲ್ಲೂ ನೆಮ್ಮದಿಯಾಗಿ ಇರಬಹುದು, ಮನೆಗೂ ಸ್ವಲ್ಪ ಕಳಿಸಬಹುದು. ಹೊರಗೆ ರೂಮ್ ಮಾಡಿದರೆ ಬಾಡಿಗೆಯೇ ಅರ್ಧ ನುಂಗುತ್ತದೆ. ಇನ್ನೊಂದು ಮಾತು: ಸ್ಟೈಪೆಂಡ್ ಕೆಲವೊಮ್ಮೆ ತಡವಾಗಿ ಬರುತ್ತದೆ. ಮೂರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಳ್ಳಿ.

ಕೆಲಸ ಬಿಡದೆ ಮಾಡಬಹುದಾ?

ಮಾಡಬಹುದು. ಕೆಲಸದ ಕಡೆಯಿಂದ ಒಪ್ಪಿಗೆ ಪತ್ರ ಬೇಕು. ಐಐಟಿ ಬಾಂಬೆಯಲ್ಲಿ ಕಾಲೇಜು ಅಧ್ಯಾಪಕರಿಗೆ, ಹೊರಗೆ ಕೆಲಸ ಮಾಡುವವರಿಗೆ ಅಂತ ಬೇರೆ ಬೇರೆ ವರ್ಗಗಳಿವೆ. ಬಿಟ್ಸ್‌ನಲ್ಲೂ ಪಾರ್ಟ್ ಟೈಮ್ ಇದೆ. ಮುಂಬೈ ಕನ್ನಡಿಗರಿಗೆ ಇದು ಹೊಸತೇನೂ ಅಲ್ಲ. ನಮ್ಮ ಹಿರಿಯರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದವರು. ಕಷ್ಟ ಇರೋದು ಒಟ್ಟು ಗಂಟೆಗಳದ್ದಲ್ಲ, ಮನಸ್ಸನ್ನು ಒಂದೇ ಕಡೆ ನಿಲ್ಲಿಸುವುದರದ್ದು. ಕೋಡ್ ಬರೆಯುವುದನ್ನು ರಾತ್ರಿ ಒಂದು ಗಂಟೆ ಮಾಡಬಹುದು. ಒಂದು ವಾದವನ್ನು ಕಟ್ಟಲು ಇಡೀ ದಿನ ಬೇಕು. ವಾರಕ್ಕೆ ಒಂದು ದಿನ ಯಾರೂ ಮುಟ್ಟದಂತೆ ಕಾಪಾಡಿಕೊಂಡವರು ಮುಗಿಸಿದ್ದನ್ನು ನೋಡಿದ್ದೇನೆ.

ಗೈಡ್ ಹುಡುಕೋದು ಹೇಗೆ?

ದೊಡ್ಡ ಹೆಸರು ನೋಡಬೇಡಿ. ಅವರ ಹಿಂದಿನ ವಿದ್ಯಾರ್ಥಿಗಳನ್ನು ಹುಡುಕಿ, ಚಹಾ ಕುಡಿಯುತ್ತಾ ಮೂರೇ ವಿಷಯ ಕೇಳಿ. ಎಷ್ಟು ವರ್ಷ ಹಿಡಿಯಿತು? ವಾರಕ್ಕೆ ಎಷ್ಟು ಸಲ ಸಿಗುತ್ತಿದ್ದರು? ಕಳಿಸಿದ ಡ್ರಾಫ್ಟ್ ಎಷ್ಟು ದಿನಕ್ಕೆ ವಾಪಸ್ ಬರುತ್ತಿತ್ತು? ಯುಜಿಸಿ ನಿಯಮದಲ್ಲಿ ಒಬ್ಬ ಪ್ರೊಫೆಸರ್ 8, ಅಸೋಸಿಯೇಟ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಪಿಎಚ್‌ಡಿ ವಿದ್ಯಾರ್ಥಿಗಳನ್ನು ಮಾತ್ರ ತೆಗೆದುಕೊಳ್ಳಬಹುದು. ಜಾಗ ಇದೆಯಾ ಅಂತ ಮೊದಲೇ ಕೇಳಿ, ಅದರಲ್ಲಿ ಸಂಕೋಚ ಬೇಡ.

ಮೇಲ್ ಬರೆಯುವಾಗ ಅವರ ಒಂದು ಪೇಪರ್ ಪೂರ್ತಿ ಓದಿ, ಅದರ ಬಗ್ಗೆ ಒಂದು ನಿಜವಾದ ಪ್ರಶ್ನೆ ಬರೆಯಿರಿ. ನೂರು ಜನರಿಗೆ ಒಂದೇ ಮೇಲ್ ಕಳಿಸಿದರೆ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ.

ಎಷ್ಟು ಜನರ ಮೇಲೆ ಪರೀಕ್ಷೆ ಮಾಡಬೇಕು? ಹೇಗೆ?

ನೀವು ಏನು ತಿಳಿಯಬೇಕು ಅನ್ನುವುದರ ಮೇಲೆ ಹೋಗುತ್ತದೆ. ವಿನ್ಯಾಸದಲ್ಲಿ ಎಡವುವ ಜಾಗ ಹುಡುಕಲು 5 ಜನ ಸಾಕು ಅಂತ ಈ ಕ್ಷೇತ್ರದ ತಜ್ಞ ಜೇಕಬ್ ನೀಲ್ಸನ್ ಹೇಳಿದ ಮಾತು ಪ್ರಸಿದ್ಧ. ಆದರೆ ಎರಡು ಕೀಬೋರ್ಡ್‌ಗಳಲ್ಲಿ ಯಾವುದು ಮೇಲು ಅಂತ ಹೇಳಲು 5 ಜನ ಸಾಲುವುದಿಲ್ಲ. ವ್ಯತ್ಯಾಸ ಚಿಕ್ಕದಾದಷ್ಟೂ ಜನ ಜಾಸ್ತಿ ಬೇಕು. ಆ ಲೆಕ್ಕವನ್ನು ಮೊದಲೇ ಹಾಕಬೇಕು, ಡೇಟಾ ಬಂದ ಮೇಲಲ್ಲ.

ನನ್ನಿಂದ ಆದ ಒಂದು ತಪ್ಪು ಹೇಳುತ್ತೇನೆ, ನಿಮಗೆ ಆಗದಿರಲಿ ಅಂತ. ಮೊದಲ ಪ್ರಯೋಗದಲ್ಲಿ ಎಲ್ಲರಿಗೂ ಮೊದಲು ಹಳೆ ಕೀಬೋರ್ಡ್, ಆಮೇಲೆ ನನ್ನ ಹೊಸ ಕೀಬೋರ್ಡ್ ಕೊಟ್ಟೆ. ಹೊಸದರಲ್ಲಿ ಎಲ್ಲರೂ ಬೇಗ ಬರೆದರು. ಹಿಗ್ಗಿ ಮೀಟಿಂಗಿಗೆ ಹೋದೆ. ಗೈಡ್ ಒಂದೇ ಪ್ರಶ್ನೆ ಕೇಳಿದರು: "ಎರಡನೇ ಸಲ ಅದೇ ವಾಕ್ಯ ಬರೆದರೆ ಯಾವ ಕೀಬೋರ್ಡ್‌ನಲ್ಲಾದರೂ ಬೇಗ ಆಗುತ್ತದಲ್ಲ?" ಮೂರು ವಾರದ ಡೇಟಾ ಪಕ್ಕಕ್ಕಿಡಬೇಕಾಯಿತು. ಅರ್ಧ ಜನರಿಗೆ ಹಳೆಯದು ಮೊದಲು, ಅರ್ಧ ಜನರಿಗೆ ಹೊಸದು ಮೊದಲು, ವಾಕ್ಯಗಳೂ ಬೇರೆ ಬೇರೆ. ಹೀಗೆ ಮತ್ತೆ ಮೊದಲಿನಿಂದ ಮಾಡಿದೆ.

ಇನ್ನೊಂದು ಸಂಗತಿ ಪುಸ್ತಕದಲ್ಲಿ ಸಿಕ್ಕರೂ ಎದುರಿಗೆ ನೋಡಿದಾಗಲೇ ಅರ್ಥವಾಗುವುದು. ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ ಎಸ್‌ಯುಎಸ್ ಅಂತ 10 ಪ್ರಶ್ನೆಗಳ ಪಟ್ಟಿ ಇದೆ. ಬಳಸಿದವರಿಗೆ ಹೇಗನ್ನಿಸಿತು ಅಂತ ಅಳೆಯಲು ಅದು ಎಲ್ಲ ಕಡೆ ನಡೆಯುತ್ತದೆ. ಕನ್ನಡಕ್ಕೆ ಮಾಡಿಕೊಂಡು ಹೋದೆ. ಎಲ್ಲರದೂ ಒಂದೇ ಉತ್ತರ, "ಛಲೋ ಐತ್ರಿ". ಮನೆಗೆ ಬಂದವಳಿಗೆ, ಅದೂ ತಾನೇ ಮಾಡಿದ್ದು ಅಂತ ತೋರಿಸುತ್ತಿರುವವಳಿಗೆ, ಚೆನ್ನಾಗಿಲ್ಲ ಅಂತ ಹೇಗೆ ಹೇಳುತ್ತಾರೆ? ಆಮೇಲೆ ನಾನು ಮಾಡಿದ್ದು ಅಂತ ಹೇಳುವುದನ್ನು ಬಿಟ್ಟೆ. ಅವರ ಬಾಯಿಗಿಂತ ಕೈ ನೋಡಿದೆ. ಬೆರಳು ಎಲ್ಲಿ ನಿಂತಿತು, ಎಷ್ಟು ಸಲ ಅಳಿಸಿದರು, ಯಾವಾಗ ಪಕ್ಕದಲ್ಲಿದ್ದ ಮಗನ ಮುಖ ನೋಡಿದರು. ನೋಟ್‌ಬುಕ್‌ನಲ್ಲಿ ಇದನ್ನೆಲ್ಲ ಹೊತ್ತಿನ ಸಮೇತ ಬರೆಯಿರಿ. ವಿಡಿಯೋದಲ್ಲಿ ಕಾಣದ್ದು ಅದರಲ್ಲಿ ಸಿಗುತ್ತದೆ.

ಒಪ್ಪಿಗೆ ಪತ್ರ ಬೇಕೇ ಬೇಕಾ?

ಬೇಕೇ ಬೇಕು. ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಮೊದಲು, ಮನುಷ್ಯರ ಹತ್ತಿರ ಹೋಗುವುದು ಆಮೇಲೆ. ಪತ್ರ ಅವರ ಭಾಷೆಯಲ್ಲಿರಲಿ. ಓದಿ ಹೇಳಿ. "ಮಧ್ಯದಲ್ಲಿ ಬೇಡ ಅನ್ನಿಸಿದರೆ ಎದ್ದು ಹೋಗಬಹುದು, ಕೊಡಬೇಕಾದ ದುಡ್ಡು ಹಿಡಿಯಲ್ಲ" ಅಂತ ಬಿಡಿಸಿ ಹೇಳಿ. ದಿನಗೂಲಿಯವರ ಒಂದು ಗಂಟೆಗೂ ಬೆಲೆ ಇದೆ, ಅದನ್ನು ಕೊಡಿ. ಹೆಬ್ಬೆಟ್ಟು ಒತ್ತಿಸಿಕೊಂಡು ಬರುವ ಕೆಲಸ ಮಾತ್ರ ಬೇಡ. ಎಷ್ಟೋ ಕಾಗದಗಳಿಗೆ ಹಾಗೆ ಒತ್ತಿ ಅವರು ಮೋಸ ಹೋಗಿರುತ್ತಾರೆ.

ಕನ್ನಡ ಮೀಡಿಯಂನಲ್ಲಿ ಓದಿದ್ದೇನೆ. ಇಂಗ್ಲಿಷ್‌ಗೆ ಹೆದರಿಕೆ. ಮರಾಠಿಯೂ ಬರಲ್ಲ.

ಪೇಪರ್, ಥೀಸಿಸ್ ಇಂಗ್ಲಿಷ್‌ನಲ್ಲೇ ಬರೆಯಬೇಕು. ಆದರೆ ಅದು ಕಾದಂಬರಿಯ ಇಂಗ್ಲಿಷ್ ಅಲ್ಲ. ಚಿಕ್ಕ ವಾಕ್ಯ, ನೇರ ಮಾತು, ಅದೇ ನೂರಿನ್ನೂರು ಪದಗಳು ಮತ್ತೆ ಮತ್ತೆ. ಮೊದಲ ವರ್ಷ ದಿನಕ್ಕೊಂದು ಪೇಪರಿನ ಸಾರಾಂಶ ಓದಿ, ಮೂರು ಸಾಲಿನಲ್ಲಿ ಕನ್ನಡದಲ್ಲಿ ಬರೆದಿಡಿ. ಕನ್ನಡದಲ್ಲಿ ಹೇಳಲು ಬಂದರೆ ಅರ್ಥವಾಗಿದೆ ಅಂತ ಲೆಕ್ಕ. ನಾನು ಥೀಸಿಸ್‌ನ ಪ್ರತಿ ಅಧ್ಯಾಯವನ್ನೂ ಮೊದಲು ಹಾಗೇ ಯೋಚಿಸಿದ್ದು.

ಮರಾಠಿ ಬರದಿದ್ದರೂ ಲ್ಯಾಬ್‌ನಲ್ಲಿ ತೊಂದರೆ ಇಲ್ಲ. ಆದರೂ ಕಲಿಯಿರಿ. ಫೀಲ್ಡ್‌ಗೆ ಹೋದಾಗ ಬಾಗಿಲು ತೆರೆಯುವುದು ಅದೇ.

ಕೋಡಿಂಗ್, ಗಣಿತ ಎಷ್ಟು ಬರಬೇಕು?

ಯೋಚಿಸಿದ್ದನ್ನು ನೀವೇ ಮಾಡಿ ತೋರಿಸುವಷ್ಟು ಕೋಡಿಂಗ್. ಬಂದ ವ್ಯತ್ಯಾಸ ನಿಜವೋ ಕಾಕತಾಳೀಯವೋ ಅಂತ ಹೇಳುವಷ್ಟು ಸಂಖ್ಯಾಶಾಸ್ತ್ರ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಉಚಿತ, ಕನ್ನಡದಲ್ಲೂ ಎಷ್ಟೋ ಇವೆ. ಅಲ್ಲಿಂದ ಶುರು ಮಾಡಿ.

ಈಗ ಎಐ ಎಲ್ಲ ಬರೆದುಕೊಡುತ್ತದೆ. ಇನ್ನು ಇದಕ್ಕೆ ಬೆಲೆ ಇದೆಯಾ?

ಜಾಸ್ತಿ ಆಗಿದೆ. ಪರದೆಯ ಕೋಡ್ ಬರೆಯುವುದು ಸುಲಭವಾಯಿತು ನಿಜ. ಅದನ್ನು ಬಳಸುವವರು ಎಲ್ಲಿ ಎಡವುತ್ತಾರೆ ಅಂತ ನೋಡಲು ಯಾರಾದರೂ ಅವರ ಪಕ್ಕ ಕೂರಲೇಬೇಕು. ಮಾತಾಡಿದರೆ ಬರೆದುಕೊಳ್ಳುವ ಸಾಫ್ಟ್‌ವೇರ್‌ಗಳು ಬಂದಿವೆ. 2022ರಿಂದ ಸರ್ಕಾರದ ಭಾಷಿಣಿ ಯೋಜನೆಯೂ ಇದೆ. ಆದರೆ ಗೋವಾದ ಕನ್ನಡಿಗರು "ಇವತ್ತ ಸೂಟಿ ಐತಿ" ಅಂದರೆ ಯಂತ್ರಕ್ಕೆ ಅದು ರಜೆ ಅಂತ ಗೊತ್ತಾಗಬೇಕಲ್ಲ? ಒಂದೇ ವಾಕ್ಯದಲ್ಲಿ ಕನ್ನಡ, ಮರಾಠಿ, ಕೊಂಕಣಿ, ಹಿಂದಿ ಬೆರೆಸಿ ಮಾತಾಡುವ ಮನೆಗಳು ನಮ್ಮವು. ತಪ್ಪು ಕೇಳಿಸಿಕೊಂಡಾಗ ಬಳಸುವವರು ಅದನ್ನು ಸರಿ ಮಾಡಲು ಏನು ಮಾಡುತ್ತಾರೆ, ಯಾವಾಗ ಕೈಬಿಡುತ್ತಾರೆ ಅನ್ನುವುದರ ಮೇಲೆ ಒಂದಲ್ಲ, ಹತ್ತು ಪಿಎಚ್‌ಡಿ ಆಗಬಹುದು.

ಪೇಪರ್ ಎಲ್ಲಿ ಕಳಿಸಬೇಕು?

ಈ ವಿಷಯದಲ್ಲಿ ಜಗತ್ತಿನ ದೊಡ್ಡ ಸಮ್ಮೇಳನ ಎಸಿಎಂ ಅನ್ನುವ ಕಂಪ್ಯೂಟಿಂಗ್ ಸಂಘದ ಕೈ (CHI). ನಮ್ಮಲ್ಲಿ ಇಂಡಿಯಾ ಎಚ್‌ಸಿಐ ಇದೆ, ಮೊದಲ ಪೇಪರ್‌ಗೆ ಒಳ್ಳೆಯ ಜಾಗ. ಮೂರು ದಿನದಲ್ಲಿ ಪ್ರಕಟಿಸುತ್ತೇವೆ, ಇಷ್ಟು ಸಾವಿರ ಕೊಡಿ ಅಂತ ಮೇಲ್ ಬಂದರೆ ಅಳಿಸಿ. ಥೀಸಿಸ್ ಸಲ್ಲಿಸಲು ಪೇಪರ್ ಇರಲೇಬೇಕು ಅನ್ನುವ ಕಡ್ಡಾಯವನ್ನು ಯುಜಿಸಿ 2022ರಲ್ಲಿ ತೆಗೆದಿದೆ. ನಿಮ್ಮ ಸಂಸ್ಥೆಯಲ್ಲಿ ಏನಿದೆ ಅಂತ ಕೇಳಿಕೊಳ್ಳಿ. ಹಳೆಯ ಭಾರತೀಯ ಥೀಸಿಸ್‌ಗಳು ಶೋಧಗಂಗಾ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ನಿಮ್ಮ ವಿಷಯದ್ದು ಎರಡಾದರೂ ಓದಿ ಅರ್ಜಿ ಹಾಕಿ.

ಮನೆಯಲ್ಲಿ ಮದುವೆ ಮಾತು ಶುರುವಾಗಿದೆ. ಪಿಎಚ್‌ಡಿ ನಿಲ್ಲಿಸಬೇಕಾ?

ನಿಲ್ಲಿಸಬೇಡಿ. ಹುಡುಗಿಯರೇ ಈ ಪ್ರಶ್ನೆ ಕೇಳುವುದು, ಅದು ನನಗೆ ಬೇಸರ. ನಿಯಮಗಳು ನಿಮ್ಮ ಪರ ಇವೆ. ಯುಜಿಸಿಯಲ್ಲಿ ಮಹಿಳೆಯರಿಗೆ ಇನ್ನೂ 2 ವರ್ಷ ಹೆಚ್ಚು ಸಿಗುತ್ತದೆ, ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನದವರೆಗೆ ರಜೆ ಇದೆ. ಇದನ್ನು ಅಪ್ಪ ಅಮ್ಮನಿಗೂ, ನೋಡಲು ಬರುವವರಿಗೂ ಮೊದಲೇ ಹೇಳಿ. ತಿಂಗಳಿಗೆ ಫೆಲೋಶಿಪ್ ಬರುತ್ತದೆ, ಇದೂ ಕೆಲಸವೇ ಅಂತ ಹೇಳಿ.

ಮುಗಿದ ಮೇಲೆ ಕೆಲಸ?

ಕಾಲೇಜುಗಳಲ್ಲಿ ಪಾಠ, ಕಂಪನಿಗಳ ರಿಸರ್ಚ್ ಲ್ಯಾಬ್, ಬಳಸುವವರ ಅನುಭವ ಅಧ್ಯಯನ ಮಾಡುವ ಯುಎಕ್ಸ್ ರಿಸರ್ಚರ್ ಹುದ್ದೆಗಳು. ಬೆಂಗಳೂರಿನಲ್ಲಿ ಜಾಸ್ತಿ, ಪುಣೆ ಮುಂಬೈಯಲ್ಲೂ ಇವೆ.

ಪ್ರಯೋಗಕ್ಕೆ ಬಂದವರಿಗೆ ಫಲಿತಾಂಶ ತೋರಿಸಬೇಕಾ?

ತೋರಿಸಿ. ಯಾರೂ ಕಡ್ಡಾಯ ಮಾಡಿಲ್ಲ, ಆದರೂ ಹೋಗಿ ತೋರಿಸಿ. ವೈವಾ (ಥೀಸಿಸ್‌ನ ಮೌಖಿಕ ಪರೀಕ್ಷೆ) ಮುಗಿದ ಮೇಲೆ ನಾನು ಝುವಾರಿನಗರಕ್ಕೆ ಹೋದೆ. ಅದೇ ತಾಯಿ ಫೋನ್ ತೆಗೆದುಕೊಂಡರು. ಳ, ಗುಡಿಸು, ಕೆಳಗೆ ಒತ್ತು. "ಹುಬ್ಬಳ್ಳಿ" ಬಂತು. ಮಗನನ್ನು ಕರೆದು ತೋರಿಸಿದರು. ಆಮೇಲೆ ಅವನ ಹೆಸರು ಬರೆಯಲು ಕೂತರು. ಕಾ ಬಂತು, ತಿ ಬಂತು, ಬೆರಳು ಮತ್ತೆ ಗಾಳಿಯಲ್ಲಿ ನಿಂತಿತು. "ಅಕ್ಕಾರ, ಇದರ ಮುಂದ ಅರ್ಕಾವೊತ್ತು ಹಾಕಬೇಕಲ್ರಿ, ಅದೆಲ್ಲೈತಿ?"

ಕಾರ್ತಿಕ. ಕೈಯಲ್ಲಿ ಬರೆಯುವಾಗ ಅರ್ಕಾವೊತ್ತು ತಿ ಆದ ಮೇಲೆ ಬರುತ್ತದೆ. ಫೋನ್‌ಗೆ ರ ಮೊದಲು ಬೇಕು. ನೋಟ್‌ಬುಕ್ ತೆಗೆದು ಹೊಸ ಹಾಳೆಯಲ್ಲಿ ದಿನಾಂಕ ಬರೆದುಕೊಂಡೆ.